ಆಲೂಗಡ್ಡೆ ಬೀಜ ಆರಿಸಿದ ಮೇಲೆ ಬೆಳೆ ಉಳಿಯಿತು

ಹಾಸನದ ಕಡೆ ಮುಂಗಾರಿನ ಆಲೂಗಡ್ಡೆಗೆ ಬೀಜದ ಗಡ್ಡೆ ಬರುವುದು ಪಂಜಾಬಿನ ಜಲಂಧರ್‌ನಿಂದ. ಎರಡು ವರ್ಷ ನಮ್ಮ ಒಂದೆಕರೆ ಕುಫ್ರಿ ಜ್ಯೋತಿ ತಳಿಯ ಬೆಳೆ ಅಂಗಮಾರಿ ಎಂಬ ಶಿಲೀಂಧ್ರದಂಥ ರೋಗಾಣುವಿನ ರೋಗಕ್ಕೆ ಸುಟ್ಟ ಹಾಗೆ ಕಪ್ಪಾಯಿತು. ಸುಮ್ನೆ ಮಳೆಯನ್ನು ಬೈದೆವು. ಬೀಜ ಕತ್ತರಿಸುವಾಗಲೇ ಕೆಲವು ಗಡ್ಡೆ ಒಳಗೆ ಕಂದು ಬಣ್ಣಕ್ಕೆ ತಿರುಗಿದ್ದವು. ಅದನ್ನು ಗಮನಿಸಬೇಕಿತ್ತು.

ಈ ಸಲ ಚೀಲ ಬಿಚ್ಚಿ, ನೆರಳಲ್ಲಿ ಹರಡಿ, ಒಂದೊಂದೇ ಗಡ್ಡೆ ನೋಡಿದೆ. ಕೊಳೆತದ್ದು, ಕಲೆಯಿದ್ದದ್ದು ಹೊರಗೆ. ಮೊಟ್ಟೆ ಗಾತ್ರದ್ದನ್ನು ಇಡಿಯಾಗಿಯೇ ನೆಟ್ಟೆ. ಕತ್ತರಿಸಿದ ಹೋಳುಗಳನ್ನು ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಬೆರೆಸಿದ ನೀರಿನಲ್ಲಿ ಅದ್ದಿ ನೆರಳಲ್ಲಿ ಒಣಗಿಸಿದೆ.

ಮೋಡ ಕವಿದು ಜಡಿಮಳೆ ಶುರುವಾಗುವ ಮೊದಲೇ, ಲೀಟರಿಗೆ 2 ಗ್ರಾಂ ಮ್ಯಾಂಕೋಜೆಬ್ ಸಿಂಪಡಿಸಿದೆ, ಎಲೆಯ ಅಡಿಗೂ ತಾಗುವ ಹಾಗೆ. ಕಲೆ ಬಂದ ಮೇಲೆ ಅದರಿಂದ ಜಾಸ್ತಿ ಪ್ರಯೋಜನವಿಲ್ಲ. ಮೂಲೆಯಲ್ಲಿ ರೋಗ ಕಂಡ ನಾಲ್ಕು ಗಿಡಗಳನ್ನು ಕಿತ್ತು ಹೂತೆ. ಉಳಿದ ಹೊಲ ಹಸಿರಾಗಿಯೇ ನಿಂತಿತು.