ಬಲಗಡೆ ಸೀಟಿನಿಂದ ಕಲಿಸುವುದನ್ನು ಕಲಿಸಿದ್ದು

ನಾನು ಅಮೆರಿಕದ ಟೆನೆಸಿಯಲ್ಲಿ ಫ್ಲೈಟ್ ಇನ್‌ಸ್ಟ್ರಕ್ಟರ್. ಈಗಾಗಲೇ ಪೈಲಟ್ ಆಗಿರುವ ಹುಡುಗಿಯರನ್ನು ಇನ್‌ಸ್ಟ್ರಕ್ಟರ್ ಪರೀಕ್ಷೆಗೆ ತಯಾರು ಮಾಡುತ್ತೇನೆ. ನನಗೆ ದಾರಿ ತೋರಿಸಿದ್ದು ಇದೇ ರಾಜ್ಯದಲ್ಲಿ ಎರಡನೇ ಮಹಾಯುದ್ಧದ ಕಾಲಕ್ಕೆ ನಡೆದ ಒಂದು ಶಾಲೆ.

ಆಗ ಕಾಲೇಜುಗಳಲ್ಲಿ ಸರ್ಕಾರದ ಪೈಲಟ್ ತರಬೇತಿ ಇತ್ತು. ಹತ್ತು ಜನರಲ್ಲಿ ಒಬ್ಬಳಿಗೆ ಮಾತ್ರ ಜಾಗ. 1941ರಲ್ಲಿ ಅದನ್ನೂ ಕಿತ್ತುಕೊಂಡರು. ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಯುದ್ಧ ಜೋರಾದಾಗ ಕಲಿಯೋರು ಸಾಲುಗಟ್ಟಿ ನಿಂತಿದ್ದರು, ಕಲಿಸೋರೇ ಸಾಲದು. 1942ರಲ್ಲಿ ಫೀಬಿ ಓಮ್ಲಿ ಎಂಬ ಹೆಸರಾಂತ ಮಹಿಳಾ ಪೈಲಟ್ ರಾಜ್ಯದ ನೆರವಿನಿಂದ ನ್ಯಾಶ್‌ವಿಲ್‌ನಲ್ಲಿ ಶಾಲೆ ತೆರೆದರು. ಆಗಲೇ ಹಾರಿಸಲು ಬಲ್ಲ ಹತ್ತು ಹೆಂಗಸರನ್ನು ಆರಿಸಿ ಇನ್‌ಸ್ಟ್ರಕ್ಟರ್ ಮಾಡಿದರು.

ಆ ಕಾಲದ ಎಷ್ಟೋ ತರಬೇತಿ ವಿಮಾನಗಳಲ್ಲಿ ಮಾತಾಡೋಕೆ ಇದ್ದದ್ದು ಒಂದು ರಬ್ಬರ್ ಕೊಳವೆ. ಇನ್‌ಸ್ಟ್ರಕ್ಟರ್ ಹೇಳಿದ್ದು ಶಿಷ್ಯನ ಕಿವಿಗೆ ಹೋಗುತ್ತಿತ್ತು, ಅವನು ತಿರುಗಿ ಕೇಳೋ ಹಾಗಿರಲಿಲ್ಲ. ಹಾಗಾದರೆ ಹೇಳುವ ಮಾತು ಎಷ್ಟು ಸರಿಯಾಗಿರಬೇಕು, ಅಲ್ವಾ? ಇದನ್ನೇ ನಾನು ಪಾಠ ಮಾಡಿಕೊಂಡೆ. ನಾನು ಎಡಗಡೆ ಸೀಟಿನಲ್ಲಿ ಶಿಷ್ಯೆ ಆಗಿ ಕೂರುತ್ತೇನೆ, ತಯಾರಾಗುತ್ತಿರುವ ಹುಡುಗಿ ಬಲಗಡೆ ಇನ್‌ಸ್ಟ್ರಕ್ಟರ್ ಸೀಟಿನಲ್ಲಿ. ನಾನು ಬಾಯಿ ಬಿಡುವುದಿಲ್ಲ, ಅವಳು ಹೇಳಿದಷ್ಟೇ ಮಾಡುತ್ತೇನೆ.

ಹಾಸನದ ಒಬ್ಬ ಹುಡುಗಿ ಬಂದಿದ್ದಳು. ತುಂಬಾ ಚೆನ್ನಾಗಿ ಹಾರಿಸುತ್ತಾಳೆ. ಮೊದಲು ಮೇಲೆಯೇ ಅಭ್ಯಾಸ. 4,000 ಅಡಿಯಲ್ಲಿ ರನ್‌ವೇ ಇದೆ ಅಂದುಕೊಂಡು ಇಳಿಸುವುದು. "ಮೂಗು ಸ್ವಲ್ಪ ಎತ್ತಿ" ಅಂದಳು. ಹೊಸಬರು ಎಳೆಯುವ ಹಾಗೆ ಬೇಕಂತಲೇ ಜಾಸ್ತಿ ಎಳೆದೆ. ವೇಗ ಬಿತ್ತು, ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಮುಂಚೆ ಎಚ್ಚರಿಸುವ ಸ್ಟಾಲ್ ಹಾರ್ನ್ ಕೂಗಿತು, ಅವಳು ಏನೂ ಹೇಳದೆ ಯೋಕ್, ಅಂದರೆ ವಿಮಾನದ ಸ್ಟೀರಿಂಗ್, ಕಿತ್ತುಕೊಂಡಳು. ಮೂರು ಸಲವೂ ಹೀಗೇ ಆಯಿತು.

ಕೆಳಗೆ ಬಂದ ಮೇಲೆ ಕೇಳಿದಳು, "ಅಕ್ಕಾ, ಮತ್ತೆ ನಾನು ಯಾವಾಗ ಹಿಡೀಬೇಕು?"

"ಮೊದಲು 'ಸ್ವಲ್ಪ' ಅಂದ್ರೆ ಎಷ್ಟು ಅಂತ ಹೇಳು. ಅದಕ್ಕೂ ಸರಿಹೋಗದಿದ್ದರೆ 'ಕಂಟ್ರೋಲ್ ನಂದು' ಅಂತ ಹೇಳಿ ಹಿಡಿ. ಹೇಳದೆ ಹಿಡಿದರೆ ಇಬ್ಬರೂ ಎಳೀತೀವಿ."

ಆ ಸಂಜೆ ಒಂದು ಗಂಟೆ ನಿಂತಿದ್ದ ವಿಮಾನದಲ್ಲೇ ಕೂತು ಮಾತು ಹುಡುಕಿದೆವು. ಸುಮ್ನೆ ಪುಸ್ತಕದ ಸಾಲು ಒಪ್ಪಿಸಿದರೆ ನಾನು ಒಪ್ಪಲಿಲ್ಲ. ಕಣ್ಣಿಗೆ ಕಾಣುವ ಗುರುತು ಬೇಕು. ಕೊನೆಗೆ ಅವಳೇ ಕಂಡುಕೊಂಡಳು: "ಮೂಗು ರನ್‌ವೇಯ ಆ ತುದಿಯನ್ನು ಮುಚ್ಚೋವರೆಗೆ ಎತ್ತಿ, ಅಲ್ಲೇ ಹಿಡಿದಿರಿ."

ಮರುದಿನ ನಿಜವಾದ ರನ್‌ವೇಗೆ ಹೋದೆವು. ಎಡಗಡೆಯಿಂದ ಗಾಳಿ ಬೀಸುತ್ತಿತ್ತು. ನಾನು ವಿಮಾನವನ್ನು ಮೆಲ್ಲಗೆ ಬಲಕ್ಕೆ ಜಾರಲು ಬಿಟ್ಟೆ. ಅವಳ ಕೈ ಯೋಕ್ ಹತ್ತಿರ ಹೋಯಿತು, ನಿಂತಿತು. "ಎಡ ರೆಕ್ಕೆ ಗಾಳಿ ಕಡೆ ಬಗ್ಗಿಸಿ, ಬಲಗಾಲಿಂದ ಪೆಡಲ್ ಒತ್ತಿ ಮೂಗು ನೇರ ಇಡಿ" ಅಂದಳು. ಹಾಗೇ ಮಾಡಿದೆ. ಮೊದಲು ಎಡ ಚಕ್ರ ಮುಟ್ಟಿತು, ಆಮೇಲೆ ಬಲದ್ದು.