ಹಳೆಯ ಜೀಪಿನ ಡಿಫರೆನ್ಷಿಯಲ್ ಆಯಿಲ್ ನೀವೇ ಬದಲಿಸುವುದು ಹೇಗೆ?

ಹಳೆಯ ಫೋರ್ ವೀಲ್ ಡ್ರೈವ್ ವಾಹನದ ರಿಪೇರಿಯನ್ನು ಸ್ವತಃ ಕಲಿಯಬೇಕೆನ್ನುವವರು ಎಂಜಿನ್ನಿಗೆ ಕೈಹಾಕುವ ಮೊದಲು ಎರಡು ಬದಿಯ ಚಕ್ರಗಳನ್ನು ಜೋಡಿಸುವ ಆಕ್ಸಲ್ಲಿನ ಅಡಿಗೆ ತೂರುವುದು ಒಳ್ಳೆಯದು. ಅದರೊಳಗಿದ್ದು, ಎರಡು ಬದಿಯ ಚಕ್ರಗಳಿಗೆ ಎಂಜಿನ್ನಿನ ಬಲವನ್ನು ಹಂಚುತ್ತ ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆಯೇ ಡಿಫರೆನ್ಷಿಯಲ್. ಅದರ ಆಯಿಲ್ ಬದಲಿಸಲು ಹೆಚ್ಚಿನ ಸಲಕರಣೆ ಬೇಕಿಲ್ಲ. ಹೊರಬಂದ ಆಯಿಲನ್ನು ನೋಡಿಯೇ ಒಳಗಿನ ಗೇರು, ಬೇರಿಂಗುಗಳ ಸ್ಥಿತಿಯನ್ನು ಊಹಿಸಬಹುದು.

ಆಯಿಲ್ ತೆಳುವಾಗಿ ಸರಾಗವಾಗಿ ಇಳಿಯುವಂತೆ ವಾಹನವನ್ನು ಸ್ವಲ್ಪ ದೂರ ಓಡಿಸಿ, ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಡಬೇಕು. ಹ್ಯಾಂಡ್ ಬ್ರೇಕನ್ನೇ ನಂಬುವಂತಿಲ್ಲ. ಲ್ಯಾಂಡ್ ರೋವರ್ ಸೀರೀಸ್‌ನಂಥ ಹಳೆಯ ವಾಹನಗಳಲ್ಲಿ ಅದು ಚಕ್ರಗಳನ್ನಲ್ಲ, ಹಿಂದಿನ ಆಕ್ಸಲ್ಲಿಗೆ ಹೋಗುವ ಶಾಫ್ಟನ್ನು ಹಿಡಿಯುತ್ತದೆ. ಆದ್ದರಿಂದ ಹಿಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿದರೆ, ಶಾಫ್ಟ್ ಅಲುಗದಿದ್ದರೂ ಎತ್ತಿದ ಚಕ್ರ ಒಂದು ದಿಕ್ಕಿಗೂ ನೆಲದ ಮೇಲಿನದು ಇನ್ನೊಂದು ದಿಕ್ಕಿಗೂ ತಿರುಗಿ, ವಾಹನ ಉರುಳಿಬಿಡಬಹುದು. ಅಡಿಯಲ್ಲಿ ಸಾಕಷ್ಟು ಜಾಗವಿದ್ದರೆ ಎತ್ತದಿರುವುದೇ ಕ್ಷೇಮ.

ಪ್ಲಗ್ಗುಗಳ ಸುತ್ತಲಿನ ಮಣ್ಣನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆದ ನಂತರ, ಮೊದಲು ಬಿಚ್ಚಬೇಕಾದದ್ದು ಆಯಿಲ್ ತುಂಬುವ ರಂಧ್ರವನ್ನು ಮುಚ್ಚಿರುವ ಮೇಲಿನ ಫಿಲ್ಲರ್ ಪ್ಲಗ್. ತುಕ್ಕು ಹಿಡಿದು ಅದು ಬಿಚ್ಚದಿದ್ದರೆ, ಇದ್ದ ಆಯಿಲನ್ನು ಖಾಲಿ ಮಾಡಿಕೊಂಡು ಹೊಸದನ್ನು ತುಂಬಲಾಗದೆ ಕೂರಬೇಕಾಗುತ್ತದೆ. ಅಳತೆಗೆ ಸರಿಹೊಂದುವ ಸ್ಪ್ಯಾನರನ್ನೇ ಬಳಸಿ. ಮೂಲೆ ಸವೆದ ಪ್ಲಗ್ಗಿನ ಜೊತೆ ಗುದ್ದಾಡುವುದು ಇಡೀ ಕೆಲಸಕ್ಕಿಂತ ದೊಡ್ಡ ಕೆಲಸ.

ಇನ್ನು ಕೆಳಗಿನ, ಆಯಿಲ್ ಇಳಿಸುವ ಡ್ರೇನ್ ಪ್ಲಗ್ ಬಿಚ್ಚಿ, ಆಯಿಲನ್ನು ಅಗಲವಾದ ಪಾತ್ರೆಗೆ ಇಳಿಸಿ. ಪ್ಲಗ್ಗಿನಲ್ಲಿ ಅಯಸ್ಕಾಂತವಿದ್ದರೆ ಅದಕ್ಕೆ ಅಂಟಿದ ಬೂದು ಬಣ್ಣದ ನುಣುಪಾದ ಕೆಸರು ಸಹಜ ಸವೆತದ ಗುರುತು. ಬೆರಳಿಗೆ ಚುಚ್ಚುವ ಲೋಹದ ಚೂರುಗಳು ಸಿಕ್ಕರೆ ಹೊಸ ಆಯಿಲ್ ಸುರಿದು ಪ್ರಯೋಜನವಿಲ್ಲ, ಡಿಫರೆನ್ಷಿಯಲ್ಲನ್ನೇ ಬಿಚ್ಚಿ ನೋಡಬೇಕು. ಆಯಿಲ್ ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ನೀರು ಸೇರಿದೆಯೆಂದು ತಿಳಿಯಬೇಕು.

ನೀರು ಸೇರಿದ್ದರೆ ದೋಷವನ್ನು ಬ್ರೀದರಿನಲ್ಲಿ ಮೊದಲು ಹುಡುಕಿ. ಆಕ್ಸಲ್ಲಿನ ಮೇಲಿರುವ ಈ ಪುಟ್ಟ ಉಸಿರುಗಂಡಿ ಮಣ್ಣು ಕಟ್ಟಿ ಮುಚ್ಚಿಹೋಗಿದ್ದಾಗ ಬಿಸಿಯಾದ ಆಕ್ಸಲ್ ತಣ್ಣನೆಯ ತೊರೆಗಿಳಿದರೆ, ಒಳಗಿನ ಗಾಳಿ ಕುಗ್ಗಿ ಆಯಿಲ್ ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಅದೇ ಗಾಳಿ ಬಿಸಿಗೆ ಹಿಗ್ಗಿದಾಗ ಆಯಿಲನ್ನು ಹೊರಕ್ಕೆ ತಳ್ಳುತ್ತದೆ. ಸೀಲ್ ಬದಲಿಸಿದರೂ ಸೋರಿಕೆ ನಿಲ್ಲಲಿಲ್ಲವೆಂದು ದೂರುವವರು ಬ್ರೀದರನ್ನು ಬಿಚ್ಚಿ ನೋಡಿರುವುದೇ ಅಪರೂಪ. ಅದನ್ನು ತೊಳೆದು, ಸಾಧ್ಯವಾದರೆ ರಬ್ಬರ್ ಕೊಳವೆ ಜೋಡಿಸಿ ನೀರಿಗೆ ನಿಲುಕದ ಎತ್ತರಕ್ಕೆ ಒಯ್ಯಿರಿ.

ಡ್ರೇನ್ ಪ್ಲಗ್ ಬಿಗಿದು, ವಾಹನದ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲನ್ನು ತುಂಬಿ. ಹಲವು ಡಿಫರೆನ್ಷಿಯಲ್ಲುಗಳಲ್ಲಿರುವ, ಹಲ್ಲುಗಳು ಒಂದರ ಮೇಲೊಂದು ಜಾರುತ್ತ ತಿರುಗುವ ಹೈಪಾಯಿಡ್ ಗೇರುಗಳಿಗೆ ಸಾಮಾನ್ಯವಾಗಿ ಜಿಎಲ್-5 ದರ್ಜೆಯ, 80ಡಬ್ಲ್ಯು-90 ಮಂದತೆಯ ಗೇರ್ ಆಯಿಲ್ ಬಳಸುತ್ತಾರೆ. ಉಳಿದದ್ದನ್ನು ಜಿಎಲ್-4 ಕೇಳುವ ಗೇರ್ ಬಾಕ್ಸಿಗೆ ಸುರಿಯಬೇಡಿ. ಜಿಎಲ್-5ರಲ್ಲಿನ ಗಂಧಕದ ಅಂಶಗಳು, ಗೇರ್ ಬದಲಿಸುವಾಗ ವೇಗ ಹೊಂದಿಸುವ ಹಿತ್ತಾಳೆಯ ಸಿಂಕ್ರೊ ರಿಂಗುಗಳನ್ನು ಕೆಡಿಸಬಹುದು. ಫಿಲ್ಲರ್ ರಂಧ್ರದ ಅಂಚಿನಿಂದ ಆಯಿಲ್ ತೊಟ್ಟಿಕ್ಕತೊಡಗಿದಾಗ ನಿಲ್ಲಿಸಿ, ತೊಟ್ಟಿಕ್ಕುವುದು ನಿಂತ ಮೇಲೆ ಪ್ಲಗ್ ಹಾಕಬೇಕು.

ಹಳೆಯ ಆಯಿಲನ್ನು ಚರಂಡಿಗೆ ಚೆಲ್ಲದೆ ಮರುಬಳಕೆಗೆ ಕೊಳ್ಳುವವರಿಗೆ ಕೊಡಿ. ನೀರು ಸೇರಿದ್ದ ಆಕ್ಸಲ್ಲಾದರೆ ಕೆಲವು ದಿನ ಓಡಿಸಿ ಮತ್ತೊಮ್ಮೆ ಇಳಿಸಿ ನೋಡಿ. ಆಗಲೂ ಬೆಳ್ಳಗೇ ಬಂದರೆ ಸೀಲುಗಳ ಸರದಿ.