ಚಿತ್ರೀಕರಣ ಮುಗಿದ ಮೇಲೆ ಸಿನಿಮಾ ಮುಗಿಸಿದ್ದು

ಚಿತ್ರೀಕರಣ ಅರ್ಧಕ್ಕೆ ನಿಂತ ಸಿನಿಮಾಗಳಿಗಿಂತ, ಚಿತ್ರೀಕರಣ ಮುಗಿದೂ ಹಾರ್ಡ್ ಡಿಸ್ಕ್‌ನಲ್ಲೇ ಉಳಿದುಹೋದ ಸಿನಿಮಾಗಳನ್ನು ನಾನು ಹೆಚ್ಚು ಕಂಡಿದ್ದೇನೆ. ಕ್ಯಾಮೆರಾ ಓಡುತ್ತಿರುವಾಗ ಹತ್ತಾರು ಜನ ಜೊತೆಗಿರುತ್ತಾರೆ, ಉತ್ಸಾಹಕ್ಕೂ ಕೊರತೆ ಇರುವುದಿಲ್ಲ. ಆಮೇಲೆ ಎಲ್ಲರೂ ಅವರವರ ಕೆಲಸಕ್ಕೆ ಮರಳುತ್ತಾರೆ. ಉಳಿಯುವವರು ಒಬ್ಬರೋ ಇಬ್ಬರೋ. ಕೂಡಿಟ್ಟಿದ್ದ ಹಣವೂ ಆ ಹೊತ್ತಿಗೆ ಕರಗಿರುತ್ತದೆ. ನನ್ನ ಮೊದಲ ಪೂರ್ಣಾವಧಿ ಚಿತ್ರ, ಕೆಲವು ದೃಶ್ಯಗಳನ್ನು ಬಿಟ್ಟು ಚಿತ್ರೀಕರಣವೆಲ್ಲ ಮುಗಿದು, ಇದೇ ಸ್ಥಿತಿಯಲ್ಲಿ ಬಹಳ ಕಾಲ ಕುಳಿತಿತ್ತು. ಅದನ್ನು ಅಲ್ಲಿಂದ ಎಬ್ಬಿಸಿ ಪರದೆಯವರೆಗೆ ತಂದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾವ ಕ್ಯಾಮೆರಾ, ಯಾವ ಲೆನ್ಸ್ ಎಂಬ ಚರ್ಚೆಯನ್ನು ಬಿಟ್ಟಿದ್ದೇನೆ. ಅವುಗಳ ಬಗ್ಗೆ ಓದಲು ಬೇಕಾದಷ್ಟು ಇದೆ. ಮುಗಿಸುವುದರ ಬಗ್ಗೆ ಬರೆಯುವವರು ಕಡಿಮೆ.

ಸಂಕಲನಕ್ಕೆ ಕೂರುವ ಮೊದಲು ಚಿತ್ರೀಕರಿಸಿದ್ದೆಲ್ಲವನ್ನೂ ಒಮ್ಮೆ ಪೂರ್ತಿ ನೋಡಿದೆ, ಕೆಟ್ಟ ಟೇಕ್‌ಗಳನ್ನೂ ಬಿಡದೆ. ಪ್ರತಿ ದೃಶ್ಯದ ಮುಂದೆ ಮೂರೇ ಸಂಗತಿಗಳನ್ನು ಬರೆದುಕೊಂಡೆ: ಚಿತ್ರ ಪೂರ್ಣವಾಗಿದೆಯೇ, ಧ್ವನಿ ಬಳಸಲು ಬರುತ್ತದೆಯೇ, ಈ ದೃಶ್ಯವಿಲ್ಲದೆಯೂ ಕಥೆ ಮುಂದೆ ಸಾಗುತ್ತದೆಯೇ. ಆ ಪಟ್ಟಿ ಸಿದ್ಧವಾದ ದಿನ ಚಿತ್ರಕಥೆಯ ಪ್ರತಿಯನ್ನು ಕಪಾಟಿನಲ್ಲಿಟ್ಟೆ. ಬರೆದದ್ದು ಬೇರೆ, ಸೆರೆಸಿಕ್ಕಿದ್ದು ಬೇರೆ. ಕೈಯಲ್ಲಿರುವ ತುಣುಕುಗಳಿಂದ ಯಾವ ಸಿನಿಮಾ ಆಗಬಲ್ಲದೋ ಅದನ್ನೇ ಮುಗಿಸಬೇಕು ಎಂದು ನಿರ್ಧರಿಸದೆ ಹೋಗಿದ್ದರೆ ಈ ಚಿತ್ರ ಮುಗಿಯುತ್ತಿರಲಿಲ್ಲ. ಮುಂದಿನ ಎಲ್ಲ ತೀರ್ಮಾನಗಳೂ ಅಲ್ಲಿಂದಲೇ ಹುಟ್ಟಿದವು.

ಮೂಲ ಫೈಲ್‌ಗಳ ಕಾವಲು ಎರಡನೆಯ ಕೆಲಸ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಚಿತ್ರೀಕರಿಸಿದರೆ ಒಂದು ಗಂಟೆಗೆ ಸುಮಾರು 45 ಗಿಗಾಬೈಟ್ ಆಗುತ್ತದೆ. ಮೂರು ಪ್ರತಿಗಳು ಇರಬೇಕು, ಅವುಗಳಲ್ಲಿ ಒಂದು ಬೇರೆ ಕಟ್ಟಡದಲ್ಲಿರಬೇಕು. ಹಣ ಎಷ್ಟೇ ಕಡಿಮೆಯಿದ್ದರೂ ಇಲ್ಲಿ ಉಳಿತಾಯ ಬೇಡ. ನನ್ನ ಕಂಪ್ಯೂಟರ್ ಹಳೆಯದು. ಎಚ್.264, ಎಚ್.265 ಎಂಬ ಕುಗ್ಗಿಸಿದ ವಿಡಿಯೋ ಫೈಲ್‌ಗಳಲ್ಲಿ ಹೆಚ್ಚಿನ ಫ್ರೇಮ್‌ಗಳು ಅಕ್ಕಪಕ್ಕದ ಫ್ರೇಮ್‌ಗಳಿಗಿಂತ ಎಷ್ಟು ಬದಲಾಗಿವೆ ಎಂಬ ಲೆಕ್ಕವಾಗಿ ಮಾತ್ರ ಸಂಗ್ರಹವಾಗಿರುತ್ತವೆ. ಒಂದು ಫ್ರೇಮ್ ತೋರಿಸಲು ಯಂತ್ರ ಒಂದು ಗುಂಪನ್ನೇ ಬಿಡಿಸಬೇಕಾಗುತ್ತದೆ. ಅದಕ್ಕೇ ಸಂಕಲನ ಮಾಡುವಾಗ ದೃಶ್ಯ ತಡೆತಡೆದು ಓಡುತ್ತದೆ. ಎಲ್ಲವನ್ನೂ 1280×720 ಅಳತೆಯ ಪ್ರಾಕ್ಸಿಗಳಾಗಿ, ಅಂದರೆ ಸಂಕಲನಕ್ಕಷ್ಟೇ ಬಳಸುವ ಹಗುರ ಪ್ರತಿಗಳಾಗಿ, ಪ್ರತಿ ಫ್ರೇಮ್ ಸ್ವತಂತ್ರವಾಗಿರುವ ಕೋಡೆಕ್‌ಗೆ (ವಿಡಿಯೋ ಕುಗ್ಗಿಸಿಡುವ ವಿಧಾನಕ್ಕೆ) ಬದಲಿಸಿಕೊಂಡ ಮೇಲೆ ಹೊಸ ಯಂತ್ರದ ಅಗತ್ಯವೇ ಬೀಳಲಿಲ್ಲ. ಸಂಕಲನವನ್ನೂ ಬಣ್ಣದ ಕೆಲಸವನ್ನೂ ಡಾವಿಂಚಿ ರಿಸಾಲ್ವ್ ತಂತ್ರಾಂಶದ ಉಚಿತ ಆವೃತ್ತಿಯಲ್ಲೇ ಮಾಡಿದೆ.

ನಿಜವಾದ ಹೋರಾಟ ನಡೆದದ್ದು ಧ್ವನಿಯ ಜೊತೆ. ಚಿತ್ರದಲ್ಲಿ ಸ್ವಲ್ಪ ಕತ್ತಲು, ಸ್ವಲ್ಪ ಚುಕ್ಕೆಚುಕ್ಕೆಯ ಮಸುಕು ಇದ್ದರೆ ಪ್ರೇಕ್ಷಕರು ಅದನ್ನು ಶೈಲಿ ಎಂದುಕೊಂಡು ಒಪ್ಪುತ್ತಾರೆ. ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಕೆಲವು ದೃಶ್ಯಗಳನ್ನು ನಾವು ಮೊಬೈಲ್‌ನಲ್ಲಿ ತೆಗೆದಿದ್ದೆವು, ಧ್ವನಿಯನ್ನು ಬೇರೆ ರೆಕಾರ್ಡರ್‌ನಲ್ಲಿ ಹಿಡಿದಿದ್ದೆವು. ಮೊಬೈಲ್‌ಗಳು ಸಾಮಾನ್ಯವಾಗಿ ಸ್ಥಿರ ಫ್ರೇಮ್ ದರ ಪಾಲಿಸುವುದಿಲ್ಲ. ಬೆಳಕು ಕಡಿಮೆಯಾದರೆ ದರವನ್ನೂ ಇಳಿಸಿಕೊಳ್ಳುತ್ತವೆ. ಹೀಗಾಗಿ ಟೇಕ್‌ನ ಆರಂಭದಲ್ಲಿ ಕ್ಲ್ಯಾಪ್ ಹಲಗೆಯ ಸದ್ದಿಗೆ ಸರಿಯಾಗಿ ಕೂಡಿದ ಮಾತು ಕೊನೆಗೆ ಬರುವಷ್ಟರಲ್ಲಿ ತುಟಿಯಿಂದ ಜಾರಿರುತ್ತಿತ್ತು. ಅಂಥ ಫೈಲ್‌ಗಳನ್ನೆಲ್ಲ ಮೊದಲು ಸ್ಥಿರ ದರಕ್ಕೆ ಪರಿವರ್ತಿಸಿ, ಆಮೇಲೆ ಧ್ವನಿ ಜೋಡಿಸಬೇಕು. ಈ ಕ್ರಮ ತಪ್ಪಿದರೆ ಎಷ್ಟು ಹೊಂದಿಸಿದರೂ ವ್ಯರ್ಥ. ಎರಡೂ ಸಾಧನಗಳ ಗಡಿಯಾರಗಳಲ್ಲಿ ಸಣ್ಣ ವ್ಯತ್ಯಾಸ ಇದ್ದೇ ಇರುವುದರಿಂದ ಉದ್ದದ ಟೇಕ್‌ಗಳನ್ನು ನಡುವೆ ಮೌನವಿರುವ ಕಡೆ ಕತ್ತರಿಸಿ ತುಂಡುತುಂಡಾಗಿ ಕೂರಿಸಿದೆ.

ನಮ್ಮನ್ನು ಕಾಪಾಡಿದ್ದು ಧ್ವನಿ ಹಿಡಿಯುತ್ತಿದ್ದ ಗೆಳೆಯನ ಶಿಸ್ತು. ಪ್ರತಿ ಜಾಗದಲ್ಲಿ, ಹೊರಡುವ ಮುನ್ನ, ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಆ ಕೋಣೆಯ ಮೌನವನ್ನು ರೆಕಾರ್ಡ್ ಮಾಡುತ್ತಿದ್ದ. ದಣಿದವರು ಗೊಣಗುತ್ತಿದ್ದರು, ಅವನು ಬಿಡುತ್ತಿರಲಿಲ್ಲ. ಯಾವ ಕೋಣೆಯೂ ಪೂರ್ಣ ನಿಶ್ಶಬ್ದವಲ್ಲ. ಪ್ರತಿಯೊಂದಕ್ಕೂ ತನ್ನದೇ ಗುಂಯ್ ಎನ್ನುವ ನೆಲೆ ಇರುತ್ತದೆ. ಎರಡು ಟೇಕ್‌ಗಳ ನಡುವೆ ಕತ್ತರಿಸಿದಾಗ ಆ ನೆಲೆ ತಟ್ಟನೆ ನಿಂತರೆ ಕಿವಿಗೆ ಗುಂಡಿ ಬಿದ್ದಂತಾಗುತ್ತದೆ. ಆ ಒಂದು ನಿಮಿಷದ ಧ್ವನಿಯನ್ನು ಕೆಳಗೆ ಹಾಸಿದಾಗ ಒಡೆದ ಸಂಭಾಷಣೆಗಳು ಒಂದೇ ಹೊತ್ತಿನಲ್ಲಿ ಆಡಿದ ಮಾತುಗಳಾದವು. ಮುಂದಿನ ಚಿತ್ರ ಮಾಡುವವರಿಗೆ ನಾನು ಒಂದೇ ಸಲಹೆ ಕೊಡಬಹುದಾದರೆ ಇದನ್ನೇ ಕೊಡುತ್ತೇನೆ.

ಯಾವುದರಿಂದಲೂ ಸರಿಯಾಗದ ದೃಶ್ಯಗಳಿಗೆ ಡಬ್ಬಿಂಗ್ ಮಾಡಿದೆವು. ಸ್ಟುಡಿಯೋ ಬಾಡಿಗೆಗೆ ಹಣವಿರಲಿಲ್ಲ. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು, ಹಿಂದೆ ದಪ್ಪ ಹೊದಿಕೆಗಳನ್ನು ತೂಗುಹಾಕಿ, ನಡುವೆ ಕಲಾವಿದರನ್ನು ನಿಲ್ಲಿಸಿದೆ. ಬಟ್ಟೆ ಮಾರ್ದನಿಯನ್ನು ಹೀರಿಕೊಳ್ಳುತ್ತದೆ. ಒಣಗಿದ, ಮಾರ್ದನಿಯಿಲ್ಲದ ಧ್ವನಿ ಸಿಕ್ಕರೆ ದೃಶ್ಯಕ್ಕೆ ಬೇಕಾದ ಮಾರ್ದನಿಯನ್ನು ಆಮೇಲೆ ಸೇರಿಸಬಹುದು, ಇರುವ ಮಾರ್ದನಿಯನ್ನು ತೆಗೆಯುವುದು ಬಲು ಕಷ್ಟ. ಒಂದು ಸಲಕ್ಕೆ ಒಂದೇ ಸಾಲು, ಮೂಲ ಟೇಕ್ ಕೇಳಿಸಿ, ಅದೇ ಉಸಿರಿನಲ್ಲಿ ಹೇಳಿಸುವುದು. ಕನ್ನಡದ ಡಬ್ಬಿಂಗ್‌ನಲ್ಲಿ ಕಣ್ಣು ಮೊದಲು ಹಿಡಿಯುವುದು ತುಟಿ ಕೂಡುವ ಅಕ್ಷರಗಳನ್ನು. ಪ, ಬ, ಮ ಬರುವ ಕಡೆ ತುಟಿ ಮುಚ್ಚಿದ್ದರೆ ಉಳಿದ ಅಕ್ಷರಗಳಲ್ಲಿನ ಚಿಕ್ಕ ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ. ಒಂದೆರಡು ಕಡೆ ಸಂಭಾಷಣೆಯನ್ನೇ ಬದಲಿಸಬೇಕಾಯಿತು. ಆಗ ಈ ಮೂರು ಅಕ್ಷರಗಳ ಜಾಗವನ್ನು ಮಾತ್ರ ಹಾಗೇ ಉಳಿಸಿಕೊಂಡು ಸುತ್ತಲಿನ ಪದಗಳನ್ನು ಹೊಸದಾಗಿ ಬರೆದೆ. ಹೆಜ್ಜೆಯ ಸದ್ದು, ಬಾಗಿಲ ಚಿಲಕ, ಬಟ್ಟೆಯ ಸರಸರ, ಇವನ್ನೆಲ್ಲ ಪರದೆ ನೋಡುತ್ತಾ ನಾವೇ ಮಾಡಿ ಸೇರಿಸಿದೆವು. ಡಬ್ ಮಾಡಿದ ಮಾತು ನಕಲಿ ಎನಿಸುವುದು ಬಹುತೇಕ ಈ ಸಣ್ಣ ಸದ್ದುಗಳು ಇಲ್ಲದಿದ್ದಾಗ.

ಚಿತ್ರೀಕರಣವಾಗದೆ ಉಳಿದ ದೃಶ್ಯಗಳದು ಇನ್ನೊಂದು ಕಥೆ. ತಂದೆಯ ಪಾತ್ರ ಮಾಡಿದ್ದವರಿಗೆ ದೂರದಲ್ಲಿ ಕೆಲಸ ಸಿಕ್ಕಿ ಹೊರಟುಹೋದರು. ಸಂಬಳವಿಲ್ಲದೆ ನಟಿಸಿದವರನ್ನು ತಡೆಯುವ ಹಕ್ಕು ನನಗಿರಲಿಲ್ಲ, ತಡೆಯಬೇಕೆಂದು ಅನಿಸಲೂ ಇಲ್ಲ. ಆದರೆ ತಂದೆ ಮಗಳು ಎದುರುಬದುರಾಗುವ ಮುಖ್ಯ ದೃಶ್ಯವೇ ಬಾಕಿಯಿತ್ತು. ಸತ್ಯಜಿತ್ ರೇ ಅವರ ‘ಪಥೇರ್ ಪಾಂಚಾಲಿ’ಯ ಚಿತ್ರೀಕರಣ 1952ರಲ್ಲಿ ಆರಂಭವಾಗಿ, ಹಣವಿಲ್ಲದೆ ಮತ್ತೆ ಮತ್ತೆ ನಿಂತು, ಚಿತ್ರ ತೆರೆಗೆ ಬಂದದ್ದು 1955ರಲ್ಲಿ. ಆ ಅವಧಿಯಲ್ಲಿ ಬಾಲಕ ಅಪುವಿನ ದನಿ ಒಡೆಯಲಿಲ್ಲ, ಅವನ ಅಕ್ಕ ದುರ್ಗಾ ದೊಡ್ಡವಳಾಗಲಿಲ್ಲ, ವೃದ್ಧೆ ಇಂದಿರ್ ಪಾತ್ರಧಾರಿ ತೀರಿಕೊಳ್ಳಲಿಲ್ಲ, ಇವು ತಮಗೆ ಒದಗಿದ ಪವಾಡಗಳು ಎಂಬ ಅರ್ಥದಲ್ಲಿ ರೇ ಮುಂದೆ ನೆನೆದಿದ್ದಾರೆ. ಅಂಥ ಪವಾಡಕ್ಕೆ ಕಾಯುವ ಬದಲು ನಾನು ದೃಶ್ಯವನ್ನೇ ಮರಳಿ ಬರೆದೆ. ಹೊಸ ಬರವಣಿಗೆಯಲ್ಲಿ ತಂದೆ ಮುಚ್ಚಿದ ಬಾಗಿಲ ಆಚೆ ಇರುತ್ತಾನೆ, ಮಗಳು ಹೊರಗೆ ನೆಲದ ಮೇಲೆ ಕುಳಿತಿರುತ್ತಾಳೆ. ತಂದೆಯ ಪಾತ್ರಧಾರಿ ತಮ್ಮ ಸಾಲುಗಳನ್ನು ಇರುವ ಜಾಗದಲ್ಲೇ ರೆಕಾರ್ಡ್ ಮಾಡಿ ಕಳಿಸಿದರು. ನಾವು ಆ ಧ್ವನಿಯಲ್ಲಿನ ಹೆಚ್ಚಿನ ಕಂಪನಾಂಕಗಳನ್ನು ತಗ್ಗಿಸಿ ಮರದ ಬಾಗಿಲ ಹಿಂದಿನಿಂದ ಕೇಳುವ ಹಾಗೆ ಮಾಡಿದೆವು. ಮಗಳ ಪಾತ್ರದ ನಟಿಯ ಕೇಶವಿನ್ಯಾಸ ಅಷ್ಟರಲ್ಲಿ ಬದಲಾಗಿತ್ತು. ತಲೆಯ ಮೇಲೆ ಶಾಲು ಹೊದಿಸಿ, ಹಿಂಬದಿಯಿಂದಲೂ ಕೈಗಳ ಕ್ಲೋಸಪ್‌ನಲ್ಲೂ ಚಿತ್ರೀಕರಿಸಿದೆವು. ಮೊದಲು ಬರೆದಿದ್ದ ದೃಶ್ಯದಲ್ಲಿ ಇಬ್ಬರೂ ಕೂಗಾಡುತ್ತಿದ್ದರು. ಈಗಿನದು ಅದಕ್ಕಿಂತ ಗಟ್ಟಿಯಾಗಿದೆ ಎಂದು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ.

ಪ್ಯಾಚ್ ವರ್ಕ್‌ನ, ಅಂದರೆ ಬಿಟ್ಟುಹೋದದ್ದನ್ನು ತುಂಬಲು ಆಮೇಲೆ ತೆಗೆದ, ಉಳಿದ ಶಾಟ್‌ಗಳೂ ಹೀಗೆಯೇ: ಮುಖ ಬೇಡದವು, ಒಂದೇ ಕಿಟಕಿಯ ಬೆಳಕಿನಲ್ಲಿ ಆಗುವಂಥವು. ಒಂದು ಉಪಕಥೆಯನ್ನು ಪೂರ್ತಿ ಕೈಬಿಟ್ಟೆ. ಅದರಲ್ಲಿ ನಟಿಸಿದವರಿಗೆ ಬೇರೆಯವರ ಬಾಯಿಂದ ಗೊತ್ತಾಗುವ ಮುನ್ನ ನಾನೇ ಫೋನ್ ಮಾಡಿ ಕಾರಣ ಹೇಳಿದೆ.

ಬಿಟ್ಟಿ ಸಹಾಯ ಕೇಳುವುದಕ್ಕೂ ಒಂದು ಕ್ರಮ ಬೇಕು. ‘ಸಿನಿಮಾಕ್ಕೆ ಸ್ವಲ್ಪ ಸಹಾಯ ಮಾಡಿ’ ಎಂದರೆ ಒಳ್ಳೆಯ ಮನಸ್ಸಿನವರೂ ಹಿಂಜರಿಯುತ್ತಾರೆ, ಏಕೆಂದರೆ ಅದಕ್ಕೆ ಕೊನೆ ಕಾಣುವುದಿಲ್ಲ. ‘ಈ ಎರಡು ದೃಶ್ಯಗಳ ಮಾತನ್ನು ಶುಚಿ ಮಾಡಿಕೊಡಿ’ ಎಂದು ಫೈಲ್ ಸಮೇತ ಕೇಳಿದರೆ ಒಪ್ಪುತ್ತಾರೆ. ಒಂದು ವಾರಾಂತ್ಯದಲ್ಲಿ ಮುಗಿಯದ ಯಾವ ಕೆಲಸವನ್ನೂ ನಾನು ಇಡಿಯಾಗಿ ಯಾರಿಗೂ ಒಪ್ಪಿಸಲಿಲ್ಲ.

ಸಂಕಲನ ಲಾಕ್ ಮಾಡುವ, ಅಂದರೆ ಇನ್ನು ಬದಲಿಸುವುದಿಲ್ಲ ಎಂದು ಮುಗಿಸುವ, ದಿನವನ್ನು ಮೊದಲೇ ಗೊತ್ತು ಮಾಡಿ, ಧ್ವನಿ ಮಿಶ್ರಣ ಮಾಡುವವರಿಗೂ ಬಣ್ಣ ಹೊಂದಿಸುವ ಗೆಳತಿಗೂ ತಿಳಿಸಿದ್ದೆ. ಮಾತು ಕೊಟ್ಟದ್ದರಿಂದಲೇ ಲಾಕ್ ಆಯಿತು. ತೊಂಬತ್ತು ನಿಮಿಷದ ಚಿತ್ರವೆಂದರೆ ಸೆಕೆಂಡಿಗೆ 24ರಂತೆ 1,29,600 ಫ್ರೇಮ್‌ಗಳು. ತಿದ್ದುತ್ತಾ ಹೋದರೆ ಆಯುಷ್ಯ ಸಾಲದು. ಲಾಕ್ ಆದ ಮೇಲೆ ಒಂದೇ ಫ್ರೇಮ್ ಕತ್ತರಿಸಿದರೂ ಅಲ್ಲಿಂದ ಮುಂದಿನ ಧ್ವನಿಯೆಲ್ಲ ಸರಿಯುತ್ತದೆ. ಮಿಶ್ರಣಕ್ಕೆ ಕಳಿಸುವಾಗ ಪ್ರತಿ ಧ್ವನಿ ತುಣುಕಿನ ಎರಡೂ ತುದಿಯಲ್ಲಿ ಒಂದೆರಡು ಸೆಕೆಂಡ್ ಹೆಚ್ಚುವರಿ ಉಳಿಸಬೇಕು. ಟೈಮ್‌ಕೋಡ್ (ಪ್ರತಿ ಫ್ರೇಮ್‌ನ ಸಮಯ ತೋರಿಸುವ ಅಂಕಿ) ಕಾಣುವ ವಿಡಿಯೋ ಜೊತೆಗಿರಬೇಕು. ಚಿತ್ರ ಆರಂಭವಾಗುವ ಎರಡು ಸೆಕೆಂಡ್ ಮೊದಲು ಒಂದು ಫ್ರೇಮ್ ಉದ್ದದ ಬೀಪ್ ಇಟ್ಟರೆ ಮರಳಿ ಬಂದ ಮಿಶ್ರಣವನ್ನು ಕಣ್ಣಿಗೆ ಕಾಣುವಂತೆ ಕೂರಿಸಬಹುದು.

ಬೇರೆಯವರ ಸಂಗೀತ ಬಳಸಲು ಕೃತಜ್ಞತೆಯ ಸಾಲು ಹಾಕಿದರೆ ಸಾಕು ಎಂಬ ನಂಬಿಕೆ ಹವ್ಯಾಸಿಗಳಲ್ಲಿ ಬಹಳ ಇದೆ. ಸಾಲದು. ರಚನೆಯ ಹಕ್ಕು ಬೇರೆ, ಆ ಧ್ವನಿಮುದ್ರಣದ ಹಕ್ಕು ಬೇರೆ. ಎರಡಕ್ಕೂ ಒಪ್ಪಿಗೆ ಬೇಕು. ರಚನಕಾರರೇ ಷರತ್ತಿನ ಮೇಲೆ ಮುಕ್ತ ಬಳಕೆಗೆ ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಸಿಗುವ ಸಂಗೀತದಲ್ಲೂ ‘ರೂಪಾಂತರ ಮಾಡುವಂತಿಲ್ಲ’ ಎಂಬ ಷರತ್ತು ಇದ್ದರೆ ಅದನ್ನು ಚಿತ್ರಕ್ಕೆ ಜೋಡಿಸುವಂತಿಲ್ಲ, ಚಲಿಸುವ ಚಿತ್ರಕ್ಕೆ ಹೊಂದಿಸುವುದನ್ನೇ ಆ ಪರವಾನಗಿ ರೂಪಾಂತರ ಎಂದು ಎಣಿಸುತ್ತದೆ. ಇದನ್ನೆಲ್ಲ ಓದಿದ ಮೇಲೆ ಪರಿಚಯದ ಕೊಳಲು ವಾದಕರೊಬ್ಬರಿಂದ ಹೊಸದಾಗಿ ನುಡಿಸಿ, ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದೆ. ಕಲಾವಿದರ ಒಪ್ಪಿಗೆ ಪತ್ರಗಳನ್ನೂ ಅದೇ ಕಡತದಲ್ಲಿಟ್ಟೆ.

ಚಿತ್ರಮಂದಿರದ ಪ್ರೊಜೆಕ್ಟರ್‌ಗೆ ಬೇಕಾದ ಡಿಸಿಪಿ (ಡಿಜಿಟಲ್ ಸಿನಿಮಾ ಪ್ಯಾಕೇಜ್) ಕಡತಗಳನ್ನು ಡಿಸಿಪಿ-ಓ-ಮ್ಯಾಟಿಕ್ ಎಂಬ ಉಚಿತ ತಂತ್ರಾಂಶದಲ್ಲಿ ಮಾಡಿದೆ. ಅದರಲ್ಲಿ ಪ್ರತಿ ಫ್ರೇಮ್ ಜೆಪೆಗ್ 2000 ಚಿತ್ರವಾಗಿರುತ್ತದೆ. ಫ್ಲ್ಯಾಟ್ ಎಂಬ ಸಾಮಾನ್ಯ ಚೌಕಟ್ಟಾದರೆ 1998×1080, ಸ್ಕೋಪ್ ಎಂಬ ಹೆಚ್ಚು ಅಗಲದ ಚೌಕಟ್ಟಾದರೆ 2048×858 ಅಳತೆ. ಸಾಮಾನ್ಯ ಎಚ್‌ಡಿ ಚಿತ್ರವನ್ನು ಹಿಗ್ಗಿಸದೆ ಫ್ಲ್ಯಾಟ್ ಚೌಕಟ್ಟಿನೊಳಗೆ ಇಟ್ಟರೆ ಎರಡು ಬದಿಯಲ್ಲಿ ತೆಳುವಾದ ಕಪ್ಪು ಪಟ್ಟಿ ಉಳಿಯುತ್ತದೆ, ಅಷ್ಟೇ. ಪ್ರದರ್ಶನಕ್ಕೆ ಮುನ್ನ ಅದೇ ಪರದೆಯ ಮೇಲೆ ಮೊದಲ ಹತ್ತು ನಿಮಿಷವನ್ನಾದರೂ ಓಡಿಸಿ ನೋಡಲು ಅವಕಾಶ ಕೇಳಿಕೊಂಡೆ. ಕತ್ತಲ ದೃಶ್ಯಗಳ ವಿವರ ಅಲ್ಲಿ ಕಾಣಿಸದೆ ಹೋಯಿತು, ಮನೆಗೆ ಬಂದು ಅವುಗಳ ಬೆಳಕನ್ನು ಒಂದಿಷ್ಟು ಎತ್ತಿ ಮತ್ತೆ ಪ್ಯಾಕೇಜ್ ಮಾಡಿದೆ.

ಕೊನೆಯ ಕೆಲಸವಾಗಿ ಮಾತು, ಸಂಗೀತ, ಉಳಿದ ಸದ್ದುಗಳನ್ನು ಮೂರು ಪ್ರತ್ಯೇಕ ಟ್ರ್ಯಾಕ್‌ಗಳಾಗಿ ತೆಗೆದಿಟ್ಟೆ. ನಾಳೆ ಯಾರಾದರೂ ಚಿತ್ರವನ್ನು ಇನ್ನೊಂದು ಭಾಷೆಗೆ ಡಬ್ ಮಾಡಲು ಕೇಳಿದರೆ ಮಾತಿನ ಟ್ರ್ಯಾಕ್ ಒಂದನ್ನು ಬದಲಿಸಿದರೆ ಆಯಿತು, ಹೆಜ್ಜೆ ಸದ್ದಿನಿಂದ ಮತ್ತೆ ಆರಂಭಿಸಬೇಕಾಗಿಲ್ಲ.